ನಾಲ್ಕನೆಯ ಪ್ರಶ್ನೆ

ಮಂಡ್ಯ ಕೋರ್ಟಿನ ಬೇವಿನಡಿ
ಟೈಪು ಮಿಷನ್ನಿನ ತಮ್ಮಯ್ಯಣ್ಣ ಕೇಳಿದ:
‘ಮೇಲ್ಮನವಿಗೆ ಕಾರಣ ಏನಂತ ಹೊಡೀಲವ್ವಾ?’

ಜಡ್ಜು ಬರೆದುಕೊಂಡದ್ದು ಮೂರೇ ಪ್ರಶ್ನೆ.
ಕುಡಿದಿದ್ದನೇ? ಟ್ರ್ಯಾಕ್ಟರು ಜೋರಿತ್ತೇ?
ಲೈಸೆನ್ಸು ಚಾಲ್ತಿಯಲ್ಲಿತ್ತೇ?
ಮೂರಕ್ಕೂ ಉತ್ತರ ಸಿಕ್ಕಿತು. ಅರ್ಜಿ ವಜಾ.

ನಾಲ್ಕನೆಯದನ್ನು ವಕೀಲರು ಎದ್ದು ಎರಡು ಸಲ ಓದಿದ್ದರು:
ನಾಲೆಯ ತಿರುವಿಗೆ ತಡೆಗೋಡೆ ಯಾರು ಕಟ್ಟಬೇಕಿತ್ತು?
‘ಅದು ಬೇಡ’ ಅಂದರು, ಕನ್ನಡಕ ಒರೆಸುತ್ತ.

ಅದನ್ನೇ ಹೊಡಿ ತಮ್ಮಯ್ಯಣ್ಣ, ಬೇಡ ಅಂದದ್ದನ್ನೇ.
ಕಟಕಟನೆ ಹೊಡೆದ. ಪ್ರಶ್ನೆಚಿಹ್ನೆ ಮಾತ್ರ ಮೂಡಲಿಲ್ಲ,
ಆ ಕೀಲಿ ಸವೆದು ವರ್ಷವಾಯಿತಂತೆ.
ಪೆನ್ನಲ್ಲಿ ತಿದ್ದಿದ.

ನೋಡಿದೆ: ಬಾಗಿದ ಕಬ್ಬಿಣ, ಕೆಳಗೊಂದು ಹನಿ.
ಮೂರನೇ ದಿನ ಮಗನ ಅಂಗಿಗೆ
ಸಿಕ್ಕಿಕೊಂಡು ಮೇಲೆ ಬಂತಲ್ಲ,
ಆ ಪಾತಾಳಗರಡಿಯ ಕೊಕ್ಕೆ.

ನಾಲ್ಕು ಪ್ರತಿ ತೆಗಿ ಅಂದೆ.