ಹದಿಮೂರು ಸೊನ್ನೆ

(ಪರಾನಾ ನದಿಯ ಸೇತುವೆ: ಈಚೆ ದಡ ಅರ್ಜೆಂಟೀನಾದ ಪೊಸಾದಾಸ್, ಆಚೆ ದಡ ಪರಾಗ್ವೆಯ ಎನ್ಕಾರ್ನಾಸಿಯೋನ್)

ಕೂತ್ಕೋ ಮಗಳೇ, ಆ ಚೀಲದ ಮೇಲೇ ಕೂತ್ಕೋ,
ಹಿಟ್ಟು ಅದು, ಒಡೆಯೋದಿಲ್ಲ.
ಸರದಿ ಇನ್ನೊಂದು ಗಂಟೆ ಅಲುಗೋ ಹಾಗಿಲ್ಲ.
ಏನಿದೆ ನಿನ್ನ ಕಾಗದದಲ್ಲಿ, ಓದು.
"ನಿಮ್ಮ ಅನುಭವದಲ್ಲಿ ಯಾವ ದೇಶದ ಆರ್ಥಿಕ ನೀತಿ ಉತ್ತಮ?
ಒಂದರಿಂದ ಐದರವರೆಗೆ ಅಂಕ ಕೊಡಿ."

ಐದೇನಾ?

ನಾನು ಹನ್ನೆರಡರ ಹುಡುಗಿ, ಆಗ ಸೇತುವೆ ಇಲ್ಲ, ದೋಣಿ.
ಅಮ್ಮನ ಲಂಗದೊಳಗೆ ಹೊಲಿದ ಜೇಬು ಎಂಟು,
ಎಂಟರಲ್ಲೂ ಸಿಗರೇಟು.
ಅವತ್ತಿಂದ ಇವತ್ತಿಗೂ ಕೆಲಸ ಇಷ್ಟೇ,
ಅಗ್ಗದ ದಡದಿಂದ ದುಬಾರಿ ದಡಕ್ಕೆ.
ಒಂದು ವರ್ಷ ಈರುಳ್ಳಿ ಆ ಕಡೆ ಹೋದರೆ
ಮರುವರ್ಷ ಅದೇ ಈರುಳ್ಳಿ ಈ ಕಡೆ.
ನದಿಗೆ ಒಂದೇ ದಿಕ್ಕು. ಪುಣ್ಯವಂತೆ.

ಬರ್ಕೋ.
ಈ ದಡದವರು ನೋಟಿನಿಂದ ಸೊನ್ನೆ ಉದುರಿಸ್ತಾರೆ.
ಒಮ್ಮೆ ಎರಡು, ಒಮ್ಮೆ ನಾಲ್ಕು,
ಎರಡೇ ವರ್ಷಕ್ಕೆ ಮೂರು, ಮತ್ತೆ ನಾಲ್ಕು.
ಒಟ್ಟು ಹದಿಮೂರು.
ನಾನು ಶಾಲೆಗೆ ಹೋದದ್ದು ಮೂರು ವರ್ಷ,
ಆದರೂ ಅಷ್ಟನ್ನೂ ಬೆರಳಲ್ಲೇ ಎಣಿಸಿದೆ,
ಬೆರಳು ಸಾಲದಾಗ ಪಕ್ಕದವಳ ಬೆರಳು ಸಾಲ ತಂದೆ.
ಸತ್ತ ನೋಟಿನ ಕಂತೆಯೊಂದನ್ನು
ಕುಂಟು ತೊಟ್ಟಿಲ ಕಾಲಡಿಗೆ ಕೊಟ್ಟಿದ್ದೆ.
ನನ್ನ ಜೀವಮಾನದಲ್ಲಿ ಕೈಕೊಡದ ಹೂಡಿಕೆ ಅದೊಂದೇ.

ಆಮೇಲೆ ಹತ್ತು ವರ್ಷ
ಒಂದು ಪೆಸೊ ಅಂದರೆ ಒಂದು ಡಾಲರ್ ಅಂದರು, ಹಾಗೇ ಆಯಿತು.
ಇಲ್ಲಿನ ಹೆಂಗಸರು ನಮ್ಮ ಅಂಗಡಿಗೆ ಬಂದು
ಬೆಲೆ ಕೇಳದೆ ಡಜನ್‌ಗಟ್ಟಲೆ ಟವೆಲ್ ಕೊಂಡರು.
ಅದೇ ಹೆಂಗಸರು ಒಂದು ಡಿಸೆಂಬರಿನಲ್ಲಿ
ಬ್ಯಾಂಕಿನ ಮುಚ್ಚಿದ ಬಾಗಿಲ ಮುಂದೆ ಪಾತ್ರೆ ಬಡಿದರು.
ಎರಡು ವಾರಕ್ಕೆ ಐದು ಅಧ್ಯಕ್ಷರು.
ಮೂರನೆಯವರ ಹೆಸರು ರೇಡಿಯೋ ಹೇಳುವಷ್ಟರಲ್ಲಿ
ನನ್ನ ಬಸ್ಸು ಬಂತು.

ನಮ್ಮ ಗ್ವಾರನಿ ನೋಟೋ?
ಒಂದು ಸೊನ್ನೆಯನ್ನೂ ಕಳಕೊಂಡಿಲ್ಲ.
ಒಂದು ಚಿಪಾ ರೊಟ್ಟಿಗೂ ಸಾವಿರಗಳಲ್ಲಿ ಲೆಕ್ಕ, ಇರಲಿ.
ನಮ್ಮಲ್ಲಿ ಒಬ್ಬನೇ ಮೂವತ್ತೈದು ವರ್ಷ ಕೂತಿದ್ದ.
ನಿನ್ನ ಕಾಗದದಲ್ಲಿ ಅದಕ್ಕೂ ಒಂದು ಸಾಲಿದೆಯಲ್ಲ, ಸ್ಥಿರತೆ ಅಂತ.
ಆ ಸ್ಥಿರತೆಯಲ್ಲಿ ಒಂದು ಮಂಗಳವಾರ
ನನ್ನಣ್ಣ ಇಸಾಬೆಲಿನೋ ಗುಂಡಿ ತರ್ತೀನಿ ಅಂತ ಹೊರಟ.
ಟೈಲರ್ ಅವನು. ಮೇಜಿನ ಮೇಲೆ ಅರ್ಧ ಹೊಲಿದ ಅಂಗಿ.
ಆ ವಾರ ಯಾವ ಬೆಲೆಯೂ ಏರಲಿಲ್ಲ.
ಹೊಳೆ ದಾಟಿ ಬಂದಿರಬಹುದೆಂದು
ಅಮ್ಮ ಈ ದಡದಲ್ಲೆಲ್ಲ ಹುಡುಕಿದಳು.
ಇಲ್ಲೂ ಆಗ ಅಮ್ಮಂದಿರು ಹುಡುಕುತ್ತಿದ್ದರು.
ಒಬ್ಬರಿಗೊಬ್ಬರು ಫೋಟೋ ತೋರಿಸಿಕೊಂಡರಂತೆ.

ಅವನ ಹೆಸರು ಬರೆದೆಯಾ?
ಸರಿ, ಇರಲಿ ಬಿಡು. ನನ್ನದು ಮಾತ್ರ ಬೇಡ.

ದೂರದ ದಡ ನುಣ್ಣಗೆ ಅನ್ನೋದು ನಿಂತಲ್ಲೇ ನಿಂತವರ ಮಾತು.
ನಾನು ವಾರಕ್ಕೆ ಆರು ಸಲ
ಆ ನುಣುಪಿನ ಮೇಲೆ ಜಾರಿ ಬಿದ್ದವಳು.

ಈರುಳ್ಳಿ ವಿಷಯಕ್ಕೆ ಎಂದೂ ಒಪ್ಪದ ಈ ಎರಡು ಸರ್ಕಾರ
ಒಂದು ಸಲ ಒಪ್ಪಿದವು. ಕೆಳಗಡೆ ಅಣೆಕಟ್ಟು.
ಒಂದೇ ಕಾಗದ, ಎರಡು ಮೊಹರು.
ನೀರು ಅವಸರ ಮಾಡಲಿಲ್ಲ,
ವರ್ಷಕ್ಕಿಷ್ಟು ಅಂತ ಮೆಟ್ಟಿಲು ಹತ್ತಿ ಬಂತು.
ಅಗೋ, ಆಚೆ ದಡದಲ್ಲಿ ಹಳದಿ ಛತ್ರಿ ಕಾಣುತ್ತಾ?
ಅಲ್ಲಿಂದ ಸ್ವಲ್ಪ ಎಡಕ್ಕೆ, ನೀರಿನೊಳಗೆ,
ನನ್ನ ಅಡಿಗೆಮನೆ ಇದ್ದದ್ದು.
ಈಗ ಬೇಸಿಗೆಗೆ ಜನ ಈಜೋಕೆ ಬರ್ತಾರೆ.
ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳಲಿ,
ನನ್ನ ಮೊಮ್ಮಗಳು ಈಜು ಕಲಿತದ್ದೂ ಅಲ್ಲೇ,
ಹೆಚ್ಚುಕಮ್ಮಿ ನಮ್ಮ ಒಲೆಯ ಮೇಲೆ.
ಇದಕ್ಕೆ ಯಾರಿಗೆ ಅಂಕ ಕೊಡಲಿ?
ಅರ್ಧರ್ಧ ಬರೆಯೋಕೆ ಜಾಗ ಇದೆಯಾ?

ಏಳು ಏಳು, ಸರದಿ ಅಲುಗಿತು.
ಈ ವಾರದಿಂದ ತಲೆಗೆ ಎರಡೇ ಬಾಟಲಿ ಎಣ್ಣೆಯಂತೆ,
ಯಾರೋ ಹೊಸ ಮಂತ್ರಿ.
ನಿನ್ನ ಕೈ ಖಾಲಿ ಇದೆಯಲ್ಲ, ಇವೆರಡು ಹಿಡ್ಕೋ.
ಕೇಳಿದರೆ ನಿನ್ನದೇ ಅನ್ನು.
ಆಚೆ ದಡ ಮುಟ್ಟೋ ತನಕ
ನಿನ್ನದೇ.