ನೆಲಕ್ಕೆ ತಾಗಿದ ಪಕ್ಕೆ

ಏಣಿಯ ಒಂಬತ್ತೂ ಮೆಟ್ಟಿಲು ಎಣಿಸಿಕೊಂಡು ಹತ್ತಿದೆಯಲ್ಲ,
ಆಗಲೇ ಗೊತ್ತಾಯಿತು, ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ.
ಕೂತುಕೋ. ಅಲ್ಲಲ್ಲ, ಆ ಮೂಲೆ ನಮ್ಮ ಸತ್ತವರದು,
ಒಲೆಯ ಹತ್ತಿರ ಬಾ.
ಹೊಗೆಗೆ ಕಣ್ಣುರಿದರೆ ಉರಿಯಲಿ,
ಅಳುವುದಕ್ಕೊಂದು ನೆಪ.

ನಿನ್ನಜ್ಜ ಈ ಕಣಿವೆಯ ತಾವ್, ಒಡೆಯ.
ಹೊಳೆ ಅವನದು, ಹೊಳೆಯ ದೊಡ್ಡ ಮೀನು ಅವನದು,
ಕಾಲುವೆಯ ಮೊದಲ ನೀರು ಅವನದು.
ಅವನ ಗದ್ದೆ ನೆಟ್ಟು ನಮ್ಮ ಗದ್ದೆಗೆ ಬರುವಷ್ಟರಲ್ಲಿ
ನಮ್ಮ ಸಸಿ ಮಡಿಯಲ್ಲೇ ಮುದುಕಿಯಾಗಿರುತ್ತಿತ್ತು.

ಬೇಟೆಗೂ ಒಂದು ಕಟ್ಟಳೆ:
ಬಿದ್ದ ಜಿಂಕೆಯ ನೆಲಕ್ಕೆ ತಾಗಿದ ಪಕ್ಕೆ ಒಡೆಯನಿಗೆ,
ಆಕಾಶ ನೋಡುವ ಪಕ್ಕೆ ಹೊಡೆದವನಿಗೆ.
ನೆಲ ಅವನದಲ್ಲವೇ, ಅದಕ್ಕೆ.
ಒಮ್ಮೆ ನನ್ನಪ್ಪ ಕ್ವಾಂಗ್ ಪೊಮ್ ಹೊಡೆದ ಕಾಡುಹಂದಿ
ಮೊಣಕಾಲೂರಿ, ಹೊಟ್ಟೆಯಡಿಯಾಗಿ, ನೆಟ್ಟಗೆ ಸತ್ತಿತು.
ಯಾವ ಪಕ್ಕೆ ಯಾರದು?
ಹಿರಿಯರು ಮೂರು ದಿನ ಕೂತು ಮಾತಾಡಿದರು,
ಅಷ್ಟರಲ್ಲಿ ಮಾಂಸಕ್ಕೆ ಹುಳ ಬಿತ್ತು.
ನಿನ್ನಜ್ಜ ಬಿದ್ದು ಬಿದ್ದು ನಕ್ಕ.
ನಗಲು ಬಲ್ಲ ಮನುಷ್ಯ, ಸುಳ್ಳು ಹೇಳಬಾರದು.

ಹದಿಮೂರಕ್ಕೆ ನನ್ನನ್ನು ದೊಡ್ಡಮನೆಗೆ ಕುಣಿಯಲು ಕರೆಸಿದರು.
ಬಿಳಿ ಅಧಿಕಾರಿಗಳು ಕುಡಿಯುತ್ತ ಕೂತಿರುತ್ತಿದ್ದರು,
ನಾವು ಕೈ ಕೈ ಹಿಡಿದು ಸುತ್ತುತ್ತಿದ್ದೆವು.
ರವಿಕೆಗೆ ಬೆಳ್ಳಿ ಚಿಟ್ಟೆಯ ಗುಂಡಿಗಳು, ಹನ್ನೊಂದು ಜೊತೆ.
ಕುಣಿತ ಮುಗಿದೊಡನೆ ನಿನ್ನಜ್ಜಿ
ದೀಪ ಹಿಡಿದು ಒಂದೊಂದನ್ನೇ ಎಣಿಸಿ ತೆಗೆದಿಡುತ್ತಿದ್ದಳು.
ನಿದ್ದೆ ಬಾರದ ರಾತ್ರಿ
ಈಗಲೂ ನಾನು ಎಣಿಸುವುದು ಅವನ್ನೇ.

ಯುದ್ಧ ಮುಗಿಯುತ್ತ ಬಂದ ವರ್ಷ ಅವರು ಗಡಿ ದಾಟಿದರು.
ಅವರ ಪೆಟ್ಟಿಗೆ ಹೊತ್ತದ್ದು ಅಪ್ಪ.
ಘಟ್ಟದ ನೆತ್ತಿಯಲ್ಲಿ ಕುಸಿದನಂತೆ.
ಪೆಟ್ಟಿಗೆಯನ್ನು ಇನ್ನೊಬ್ಬ ಹೊತ್ತನಂತೆ.
ಸುದ್ದಿ ತಂದವನನ್ನು ನಾನು ಕೇಳಿದ್ದು ಒಂದೇ ಮಾತು:
ಯಾವ ಮಗ್ಗುಲಿಗೆ ಬಿದ್ದ?

ಎಡಕ್ಕೆ, ಅಂದ.

ಹಾಗಾದರೆ ಎದೆ ಬಡಿಯುವ ಭಾಗ
ನಿಮ್ಮದು.

ತಿನ್ನು, ಅಂಟನ್ನ ಆರಿದರೆ ಕಲ್ಲು.
ಅಮೆರಿಕದ ನಿಮ್ಮೂರಲ್ಲಿ ಬರೀ ಜೋಳದ ಹೊಲವಂತೆ,
ನಿನ್ನಜ್ಜ ಅಲ್ಲಿ ಹಂದಿ ಕೊಯ್ಯುವ ಕಾರ್ಖಾನೆಯಲ್ಲಿ
ಇಪ್ಪತ್ತು ವರ್ಷ ದುಡಿದನಂತೆ. ನೀನೇ ಅಂದೆ.
ಎರಡೂ ಪಕ್ಕೆ ಯಾರಿಗೋ ಕೊಟ್ಟು ಮನೆಗೆ ಹೋಗುವುದು
ಹೇಗಿರುತ್ತದೆಂದು ಅವನಿಗೂ ಗೊತ್ತಾಗಿರಬೇಕು.

ಅವನ ಸಮಾಧಿಗೆ ಹಿಡಿ ಮಣ್ಣು ಬೇಕೆ?
ಒಯ್ಯಿ.
ನೆಲದ ಕೆಂಪು ಪುಸ್ತಕದಲ್ಲಿ ಈಗ ನನ್ನ ಹೆಸರಿದೆ, ನೋಡು,
ಕಚೇರಿಯವನು ತಪ್ಪಾಗಿ ಬರೆದಿದ್ದಾನೆ, ಆದರೂ ನನ್ನದೇ.
ಆ ಬದುವಿನ ಬಳಿ ಮಾತ್ರ ತೋಡಬೇಡ, ಬೆಳ್ಳುಳ್ಳಿ ಊರಿದ್ದೇನೆ.

ಕತ್ತಲಾಯಿತು, ಇಲ್ಲೇ ಮಲಗು.
ಬಿದಿರಿನ ಅಟ್ಟ, ಕೆಳಗೆ ಎಮ್ಮೆ ಉಸಿರಾಡುತ್ತಿದೆ.
ನೆಲಕ್ಕೂ ನಮಗೂ ನಡುವೆ ಒಂದಾಳೆತ್ತರ ಗಾಳಿ.
ಯಾವ ಮಗ್ಗುಲಿಗಾದರೂ ಮಲಗು.