ಐವತ್ತೈದು ಸುತ್ತು

ಚೇಳೂರು ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ಮೋಟಾರು ಸುತ್ತಿದ ಬೆರಳು ಇವು.
ಎಷ್ಟು ಮೈಲಿ ತಾಮ್ರ ಹಾದು ಹೋಯಿತೋ
ಲೆಕ್ಕ ಇಟ್ಟವರಿಲ್ಲ.
ನಾನು ಮಾತ್ರ ಕೂತಲ್ಲೇ ಕೂತಿದ್ದೆ
ಕುಳ್ಳ ಮಣೆಯ ಮೇಲೆ, ವಾರ್ನಿಷ್ ವಾಸನೆಯಲ್ಲಿ.

ಒಂದು ಮಧ್ಯಾಹ್ನ ಜಬೀ ಫೋನು ತೋರಿಸಿದ.
ಮೊಳಕ್ಕಿಂತ ಗಿಡ್ಡ ಒಂದು ಜೀಪು
ಬಂಡೆಗೆ ಮೂತಿ ಇಟ್ಟು, ನಿಂತು,
ಏನೋ ಯೋಚಿಸಿ,
ಒಂದು ಗಾಲಿ ಎತ್ತಿ, ಇನ್ನೊಂದು ಊರಿ,
ಗಬ್ಬದ ಎಮ್ಮೆ ಕೆರೆಯೇರಿ ಹತ್ತಿದ ಹಾಗೆ
ಹತ್ತಿತು.
ಇನ್ನೊಂದ್ಸಲ ಹಾಕು, ಅಂದೆ.
ಟೀ ಆರಿ ಕೆನೆ ಕಟ್ಟಿತು.

"ಮಗನಿಗಾ ಅಣ್ಣಾ?"
ಮಗ ಪಿಯುಸಿ, ಅವನಿಗೀಗ ಮೀಸೆಯದೇ ಚಿಂತೆ.
ಯಾರಿಗೆ ಅಂತ ಹೇಳದೆ
ಒರೆಸಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸಿದೆ.

ಮೂರು ವಾರ ಆರಿಸಿದ್ದೇ ಆರಿಸಿದ್ದು.
ಮನೆಗೆ ಪಾಯ ಹಾಕುವಾಗಲೂ
ಇಷ್ಟು ಅಳೆದಿರಲಿಲ್ಲ.
ಹತ್ತರಲ್ಲೊಂದು ಅಳತೆಯದು ನಿಜಕ್ಕೂ ಗಂಡು,
ಆದರೆ ಬೆಲೆ ಐದು ಎಚ್‌ಪಿ ಪಂಪಿನದು.
ಇಪ್ಪತ್ತನಾಲ್ಕರಲ್ಲೊಂದು ಅಂಗಿ ಜೇಬಿಗೆ ಬರುತ್ತೆ,
ಅದಕ್ಕೆ ನಮ್ಮ ಕೈಲಾಸಗಿರಿಯ
ಬೆರಳಗಲ ಬಿರುಕೂ ಕಣಿವೆ.
ಹದಿನೆಂಟರಲ್ಲೊಂದು?
ಜಬೀ ಮೂಗು ಮುರಿದ:
"ಅತ್ತ ಮಾವನೂ ಅಲ್ಲ, ಇತ್ತ ಭಾವನೂ ಅಲ್ಲ."

ಅವನ ಕಣ್ಣೆಲ್ಲ ಓಡುವುದರ ಮೇಲೆ.
"ಇದು ನೋಡಣ್ಣ, ಗಂಟೆಗೆ ಅರವತ್ತು ಹೋಗ್ತೈತೆ!"
ಎಲ್ಲಿಗೆ? ಅಂದೆ.
ಜಬೀ ಫೋನು ಜೇಬಿಗಿಟ್ಟು
ಒಂದು ಗಂಟೆ ನನ್ನ ಹತ್ತಿರ ಮಾತಾಡಲಿಲ್ಲ.

ರಾತ್ರಿ ಕರೆಂಟು ಹೋದಾಗ, ಹಾಸಿಗೆಯಲ್ಲಿ,
ಗಂಗುಲಮ್ಮನಿಗೆ ಬೆಳಕು ಬೀಳದ ಹಾಗೆ
ಫೋನಿಗೆ ಹೊದಿಕೆ ಹೊದಿಸಿ ಓದುತ್ತಿದ್ದೆ.
ಸರ್ವೋ ಅಂತೆ, ಲಿಂಕು ಅಂತೆ, ಲೈಪೋ ಅಂತೆ,
ಮದುವೆ ಮನೆಯಲ್ಲಿ ಬೀಗರ ಹೆಸರು ಕೇಳಿದ ಹಾಗೆ
ಕೇಳಿದ್ದು, ಮರೆತದ್ದು.
ಆಮೇಲೆ ಒಂದು ಸಾಲು.
ಮೋಟಾರು: ಐವತ್ತೈದು ಸುತ್ತು.
ಪಕ್ಕದ್ದು: ಇಪ್ಪತ್ತೊಂದು.

ಎದ್ದು ಕೂತೆ.
ಸುತ್ತು ಕಮ್ಮಿಯಾದರೆ ಹಾರಾಟ,
ಸುತ್ತು ಹೆಚ್ಚಾದರೆ ನಿಧಾನ, ಹಿಡಿತ.
ಇದನ್ನು ನನಗೆ ಹೇಳಬೇಕೆ?
ವಾಜಿದ್ ಮೇಸ್ತ್ರಿ ತಲೆಗೆ ಮೊಟಕಿ ಮೊಟಕಿ
ಎಣಿಸಲು ಕಲಿಸಿದ್ದು ಇದನ್ನೇ ತಾನೆ.
"ಬಾಯಲ್ಲಿ ಎಣಿಸಬೇಡ, ಬೆರಳಲ್ಲಿ ಎಣಿಸು,
ಬಾಯಿ ಸುಳ್ಳು ಹೇಳ್ತದೆ."
ಬೆರಳು ಆ ಕತ್ತಲಲ್ಲೇ ಆರಿಸಿಬಿಟ್ಟಿತು.
ಅಳತೆ, ಹದಿನೆಂಟು. ಜಬೀ ಏನಾದರೂ ಅಂದುಕೊಳ್ಳಲಿ.

ಡಬ್ಬ ಬಂದ ದಿನ ಗಂಗುಲಮ್ಮ ತಿರುಗಿಸಿ ನೋಡಿ,
"ಹದಿನಾಲ್ಕು ದಾಟಿದೋರಿಗೆ ಅಂತ ಬರೆದೈತೆ.
ದಾಟಿದ್ದೀಯಾ?" ಅಂದಳು.

ಭಾನುವಾರ, ಗಿರಿಯ ಬುಡ.
ಮೊದಲ ಬಂಡೆಗೇ ಅಂಗಾತ ಬಿತ್ತು.
ಎರಡನೇ ಸಲವೂ.
ಹಿಂದೆ ಭಾರ, ಮುಂದೆ ಬರೀ ಆಸೆ.
ಬೆಸುಗೆಯ ಸೀಸವನ್ನು ಸುರುಳಿ ಸುತ್ತಿ
ಮುಂದಿನ ಗಾಲಿಯ ಹೊಟ್ಟೆಯೊಳಗೆ ತುಂಬಿದೆ
(ಎಷ್ಟು ಸುತ್ತು ಅಂತ ಕೇಳಬೇಡಿ, ಬೆರಳಿಗೆ ಗೊತ್ತು).
ಈಗ ಮೂತಿ ಇಟ್ಟಿತು.
ನಿಂತಿತು.
ಮೆತ್ತನೆ ಟೈರು ಕಲ್ಲಿನ ಒರಟನ್ನು
ಕುರುಡ ಮುಖ ತಡವಿದ ಹಾಗೆ ತಡವಿ
ಅರ್ಧ ಹತ್ತಿತು.
ಅಲ್ಲಿ ಬೆರಳು ತೆಗೆದೆ, ಬೇಕಂತಲೇ.
ಜಾರಲಿಲ್ಲ.

ಕುರಿ ಹೊಡೆದುಕೊಂಡು ಬಂದ ಹುಡುಗ ಕೇಳಿದ,
"ಎಷ್ಟು ಸ್ಪೀಡು ಹೋಗ್ತೈತಣ್ಣ?"
ನಾನು ಬಾಯಿ ತೆರೆಯುವಷ್ಟರಲ್ಲಿ ಜಬೀ,
ಅದೇ ಜಬೀ,
"ಹೋಗಲ್ಲ ಕಣೋ. ನಿಲ್ತೈತೆ. ನೋಡು."

ಮೂವರೂ ನೋಡಿದೆವು.
ಬಂಡೆಯ ನೆತ್ತಿಯಲ್ಲಿ ಬಿಸಿಲು ಕಾಯುತ್ತಿದ್ದ ಓತಿಕ್ಯಾತ
ಈ ಹೊಸ ಪ್ರಾಣಿಗೆ ತಲೆಯಾಡಿಸಿತು,
ಬಾ ಅಂತಲೋ, ಬೈದೋ.